ಗಾಳಿ ಹೊಡೆದದ್ದಲ್ಲ

ಮೂತ್ರದ ಡಬ್ಬಿ ಹಿಡಿದು ಕಿಟಕಿಗೆ ಬಂದವನಿಗೆ ಮನಸ್ಸು ಕೊಡುತ್ತೇನೆಂದು ದುನ್ಯಾ ಕನಸಿನಲ್ಲೂ ಎಣಿಸಿರಲಿಲ್ಲ.

ನಿಶಾವಾ ನದಿಯ ದಡದ ಆ ಸರ್ಬಿಯಾದ ಊರಿನಲ್ಲಿ, ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮಾಣು ಪರೀಕ್ಷೆ ಅವಳ ಕೆಲಸ. ಬಂದವನು ವುಕಾಶಿನ್, ಸಿಟಿ ಬಸ್ಸಿನ ಡ್ರೈವರ್. ನೀರು ಕುಡಿಯಲೂ ಪುರುಸೊತ್ತಿಲ್ಲದೆ ಓಡಿಸಿ ಓಡಿಸಿ ಕಿಡ್ನಿಯಲ್ಲಿ ಕಲ್ಲು ಕಟ್ಟಿತ್ತು. ಅದನ್ನು ತೆಗೆದ ಡಾಕ್ಟರು ಮೂತ್ರನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಬಿಟ್ಟಿದ್ದರು.

“ಉರಿ ಮೇಡಂ, ಆಗಾಗ ರಕ್ತ ಬೇರೆ. ಒಳಗೆ ಏನು ಸಾಕ್ಕೊಂಡಿದೀನೋ ನೋಡಿ ಹೇಳಿ,” ಎಂದ.

ಸೋಂಕೇನೂ ಕಾಣಲಿಲ್ಲ. ಕೊಳವೆ ಉಜ್ಜಿ ಉಜ್ಜಿ ಮೂತ್ರಕೋಶ ಕೆಂಪಾಗಿರಬಹುದು ಎಂದಳು. ಅವನು ಅಷ್ಟಕ್ಕೇ ಬಿಡಲಿಲ್ಲ. ಅದರ ತುದಿ ಯಾಕೆ ಹಂದಿ ಬಾಲದ ಹಾಗೆ ಸುರುಳಿ? ಸೂಕ್ಷ್ಮಾಣುಗಳು ತಿನ್ನುವುದೇನು? ಅವಳ ಕೆಲಸದ ಬಗ್ಗೆ ಹೀಗೆ ಕೇಳಿದವರೇ ಇರಲಿಲ್ಲ. ಮಾತು ಕಾಫಿಗೆ ಹೋಯಿತು, ಕಾಫಿ ನದಿ ದಡದ ಬೆಂಚಿಗೆ.

ಅಲ್ಲಿ ಒಂದು ಸಂಜೆ ಅವಳೇ ಧೈರ್ಯ ಮಾಡಿದಳು. “ನಂಗೆ ನಿಮ್ಮನ್ನ ಕಂಡ್ರೆ...”

ವುಕಾಶಿನ್ ಮುಖ ಬಿಳಿಚಿಕೊಂಡಿತು. ದಡಕ್ಕನೆ ಎದ್ದು, ಕ್ಷಮಿಸಿ ಎಂದವನೇ ಓಡಿದ. ಮತ್ತೆ ಬರಲಿಲ್ಲ. ಫೋನೂ ಇಲ್ಲ.

‘ಇಷ್ಟೇನಾ ನನ್ನ ಬೆಲೆ...’ ಎಂದು ಅತ್ತಳು. ಅವನ ಬಸ್ಸನ್ನೇ ಹತ್ತದೆ ದಿನ ದೂಡಿದಳು.

ಆದರೆ ಮನಸ್ಸು ಕೇಳಬೇಕಲ್ಲ! ಕೊನೆಗೊಂದು ದಿನ ಹತ್ತಿಯೇ ಬಿಟ್ಟಳು. ಬೇರೆ ಯಾರೋ ಓಡಿಸುತ್ತಿದ್ದರು. ವುಕಾಶಿನ್‌ಗೆ ಬಸ್ಸಿನ ಕಿಟಕಿ ಗಾಳಿ ಸೊಂಟಕ್ಕೆ ಹೊಡೆದು ಜ್ವರ, ಚಿಕ್ಕಮ್ಮ ಆರೈಕೆ ಮಾಡುತ್ತಿದ್ದಾರೆ ಎಂದರು.

ಆ ಊರಲ್ಲಿ ಹಲ್ಲುನೋವಿನಿಂದ ಹಿಡಿದು ಕಿಡ್ನಿ ನೋವಿನವರೆಗೆ ಎಲ್ಲಕ್ಕೂ ಎದುರುಬದುರು ಕಿಟಕಿಯ ಗಾಳಿಯೇ ಕಾರಣ. ಉರಿಬಿಸಿಲಲ್ಲೂ ಎರಡು ಕಿಟಕಿ ತೆರೆದರೆ ಬೈಗುಳ ಗ್ಯಾರಂಟಿ. ಸೂಕ್ಷ್ಮಾಣು ಓದಿದ ದುನ್ಯಾ ಕೂಡ ಹೌದು ಹೌದು ಎಂದು ತಲೆಯಾಡಿಸಿದಳು.

ಇಳಿದ ಮೇಲೆ ಕಾಲು ನಿಂತಿತು. ಜ್ವರ... ಸೊಂಟ ನೋವು... ಕೊಳವೆ ಇನ್ನೂ ಒಳಗೇ ಇದೆಯಲ್ಲ!

ಅವನ ಮನೆಗೆ ಓಡಿದಳು. ಪೆರ್ಸಾ ಚಿಕ್ಕಮ್ಮ ಬಾಗಿಲನ್ನು ಒಂದಿಷ್ಟೇ ತೆರೆದು, ಗಾಳಿ ನುಗ್ಗುತ್ತದೆ ಎಂದು ಅವಳನ್ನು ಒಳಗೆಳೆದುಕೊಂಡರು. ಕೋಣೆಯೆಲ್ಲ ಸಾರಾಯಿ ವಾಸನೆ. ಬೆನ್ನಿಗೆ ಅದನ್ನೇ ತಿಕ್ಕಿದ್ದರು. ಸೊಂಟಕ್ಕೆ ಉಣ್ಣೆ ಸುತ್ತಿಕೊಂಡ ವುಕಾಶಿನ್ ಗಡಗಡ ನಡುಗುತ್ತಿದ್ದ. ಕಣ್ಣು ಬಿಟ್ಟರೂ ಗುರುತು ಹಿಡಿಯಲಿಲ್ಲ.

ತಾನು ಲ್ಯಾಬಿನವಳೆಂದು ಹೇಳಿ, ಆಸ್ಪತ್ರೆಗೆ ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದು ರೇಗಿದಳು.

“ಸೋಂಕಿಲ್ಲ ಅಂತ ನಿಮ್ಮ ಲ್ಯಾಬೇ ಹೇಳಿತ್ತಲ್ಲಮ್ಮ? ಮತ್ತಿನ್ನೇನು, ಗಾಳೀನೇ!” ಎಂದರು ಚಿಕ್ಕಮ್ಮ.

ದುನ್ಯಾ ತಕ್ಷಣ ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು. ‘ನನ್ನ ಮಾತು ನಂಬಿ ಇವನು ಸಾಯ್ತಿದಾನಾ?’

ಸೋಂಕು ರಕ್ತಕ್ಕೆ ಏರುತ್ತಿದೆ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಹಳೆಯ ಕೊಳವೆ ತೆಗೆದು ಅವಳ ಕೈಗೇ ಕೊಟ್ಟರು. ಅದರ ಮೈಯೆಲ್ಲ ಲೋಳೆ, ಮೇಲೆ ಉಪ್ಪಿನ ಹರಳು. ಸೂಕ್ಷ್ಮಾಣುಗಳು ಅದಕ್ಕೆ ಅಂಟಿಕೊಂಡು, ತಮ್ಮದೇ ಲೋಳೆಯ ಗೂಡು ಕಟ್ಟಿ ಕೂತಿದ್ದವು. ಮೂತ್ರ ತಿಳಿಯಾಗಿ ಕಂಡರೂ ಕೊಳವೆಯ ಮೇಲೆ ಅವು ಇರಬಲ್ಲವು. ಅಂದೇ ಇದ್ದವೋ, ಆಮೇಲೆ ಸೇರಿದವೋ, ಅವಳಿಗೂ ತಿಳಿಯಲಿಲ್ಲ. ಜ್ವರ ಇಳಿಯುವವರೆಗೆ ಅವಳಿಗೆ ಊಟ ಸೇರಲಿಲ್ಲ.

ಎಚ್ಚರವಾದಾಗ ಅವನು ಮೊದಲು ಕೇಳಿದ್ದು ಕೊಳವೆಯ ಮೇಲೆ ಏನಿತ್ತು ಎಂದೇ! ಅವಳು ಎಲ್ಲವನ್ನೂ ವಿವರಿಸಿದಳು.

“ಈಗ ನನ್ನ ಪ್ರಶ್ನೆ. ಆವತ್ತು ಯಾಕೆ ಓಡಿಹೋದ್ರಿ?”

ಅವನು ಗೋಡೆ ಕಡೆ ತಿರುಗಿದ. “ಆ ಕೊಳವೆ ಇದ್ರೆ, ಬಂತು ಅಂದ್ರೆ ಬಂತು, ತಡಿಯೋಕಾಗಲ್ಲ. ಮರದ ಹಿಂದೆ ಹೋಗೋಷ್ಟರಲ್ಲಿ ಪ್ಯಾಂಟು ಒದ್ದೆ. ಯಾವ ಮುಖ ಇಟ್ಕೊಂಡು ವಾಪಸ್ ಬರ್ಲಿ?”

ದುನ್ಯಾಗೆ ನಗು ಬಂತು, ಅದರ ಹಿಂದೆಯೇ ಅಳು. “ನಿಮಗೆ ನಾನು ಇಷ್ಟ ಇಲ್ಲ ಅಂದ್ಕೊಂಡೆ...”

“ಇಷ್ಟ ಇಲ್ದೋರ ಮುಂದೆ ಯಾರಾದ್ರೂ ಇಷ್ಟು ನಾಚ್ಕೋತಾರಾ, ದುನ್ಯಾ?”

ಅವಳು ಅವನ ಕೈ ಹಿಡಿದುಕೊಂಡಳು.

“ಬೆಳಗಿಂದ ಸಂಜೆವರೆಗೂ ಊರವರ ಮೂತ್ರ ನೋಡೋಳು ನಾನು. ನಿನ್ನ ಒದ್ದೆ ಪ್ಯಾಂಟಿಗೆ ಹೆದರ್ತೀನಾ? ಇನ್ಮೇಲೆ ಓಡ್ಬೇಕು ಅನ್ಸಿದ್ರೆ ಹೇಳಿ ಓಡು. ನಾನು ಅಲ್ಲೇ ಕಾಯ್ತಿರ್ತೀನಿ.”