ಗೆರೆ ಕಾಣಿಸದ ಹಲಗೆ

ಕಾಗದವಿನ್ನೂ ಹುಟ್ಟಿರದ ಕಾಲದಲ್ಲಿ, ಏಳು ಬೆಟ್ಟಗಳ ಆಚೆ, ಅರದಾಳಪುರವೆಂಬ ಒಂದು ರಾಜ್ಯವಿತ್ತು. ಅಲ್ಲಿಯ ಅರಮನೆಯಲ್ಲಿ ಸಿಂಗಾಚಾರಿ ಎಂಬ ಚಿತ್ರಗಾರನಿದ್ದ. ಅವನು ಬರೆದ ಗಿಳಿಗೆ ಬೆಕ್ಕು ಹೊಂಚು ಹಾಕುತ್ತಿತ್ತು, ಅವನು ಬರೆದ ಹಲಸಿನ ತೊಳೆಗೆ ನೊಣ ಮುತ್ತುತ್ತಿತ್ತು. ಹೀಗೆಂದು ಊರವರು ಹೇಳುತ್ತಿದ್ದರು. ಊರವರಿಗಿಂತ ಹೆಚ್ಚಾಗಿ ಸಿಂಗಾಚಾರಿಯೇ ಹೇಳಿಕೊಳ್ಳುತ್ತಿದ್ದ.

ಅವನ ಹೆಂಡತಿ ಹೊನ್ನಾಜಮ್ಮ. ಇಪ್ಪತ್ತು ವರ್ಷ ಅವನಿಗೆ ಬಣ್ಣ ಅರೆದುಕೊಟ್ಟವಳು, ಅಂಟು ಕಾಯಿಸಿದವಳು, ಅಳಿಲಿನ ಬಾಲದ ಕೂದಲು ಆಯ್ದು ಕುಂಚ ಕಟ್ಟಿದವಳು. ಅವನು ದೇವಿಯರನ್ನು ಬರೆದ, ರಾಣಿಯನ್ನು ಬರೆದ, ರಾಣಿಯ ದಾಸಿಯರನ್ನೂ ಬರೆದ. ಹೆಂಡತಿಯನ್ನು ಮಾತ್ರ ಒಂದು ಸಲವೂ ಬರೆಯಲಿಲ್ಲ. ಕೆಲಸದಿಂದ ತಲೆ ಎತ್ತಿದರೆ ತಾನೆ ಅವಳು ಕಾಣುವುದು!

ಆ ರಾಜ್ಯದ ಪಡುವಣ ಕಾಡಿನಲ್ಲಿ ಧೂಮಜಟನೆಂಬ ಮಾಂತ್ರಿಕನಿದ್ದ. ಅವನಿಗೆ ಸ್ವಂತ ಮುಖವೇ ಇರಲಿಲ್ಲ. ಮುಖವಿದ್ದವರನ್ನು ಕಂಡರೆ ಅವನಿಗೆ ಹೊಟ್ಟೆಯುರಿ. ಒಂದು ದಿನ ಊರಿನ ಹೆಂಗಸರೆಲ್ಲ ಗಂಗೆಪೂಜೆಗೆಂದು ಕೆರೆಗೆ ಹೋಗಿದ್ದಾಗ ಅವನು ಬಂದು ಹೊಗೆ ಊದಿದ. ಹೊಗೆ ತಿಳಿಯಾದಾಗ ಮುನ್ನೂರು ಹೆಂಗಸರಿಗೆ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ತೊಳೆದಿಟ್ಟ ತಟ್ಟೆಯ ಹಾಗೆ ಬೋಳುಮುಖ. ಅವರನ್ನು ಸಾಲುಗಟ್ಟಿಸಿ ತನ್ನ ಕೋಟೆಗೆ ನಡೆಸಿಕೊಂಡು ಹೋದ. ಅವರಲ್ಲಿ ರಾಣಿಯೂ ಇದ್ದಳು, ಹೊನ್ನಾಜಮ್ಮನೂ ಇದ್ದಳು.

ಕೋಟೆಯ ಬಾಗಿಲಲ್ಲಿ ಎರಡು ಕಲ್ಲುಹುಲಿಗಳು ಕಾಯುತ್ತಿದ್ದವು. ರಾಜನ ಸೈನ್ಯ ಹೋಯಿತು. ಅರ್ಧ ಸೈನ್ಯ ಮಾತ್ರ ಬಂತು. ಅದರ ಹಿಂದೆಯೇ ಧೂಮಜಟನ ಕಾಗೆ ಹಾರಿಬಂದು ಅರಮನೆಯ ಮಾಡಿನ ಮೇಲೆ ಕೂತು ಮನುಷ್ಯರ ಮಾತಾಡಿತು.

"ಮೂರು ಹುಣ್ಣಿಮೆ ಗಡುವು. ಹುಣ್ಣಿಮೆಗೆ ನೂರು ಜನರಂತೆ ಕಲ್ಲು ಮಾಡಿ ಕೋಟೆ ಕಟ್ಟುತ್ತಾನೆ ನನ್ನ ಒಡೆಯ. ಅಷ್ಟರೊಳಗೆ ಯಾರಾದರೂ ಸರಿ, ಒಬ್ಬಳ ಬೋಳುಮುಖದ ಮೇಲೆ ಅವಳ ಮುಖವನ್ನು ಇದ್ದದ್ದು ಇದ್ದ ಹಾಗೆ ಬರೆದರೆ ಎಲ್ಲರ ಮುಖವೂ ಬಿಡುಗಡೆ, ಮಾಟವೂ ಪುಡಿ. ಬರೆಯಿರಿ ನೋಡೋಣ! ನಿಮ್ಮ ಮನೆಯವರ ಮುಖ ನಿಮಗೆ ಗೊತ್ತಿದ್ದರೆ ತಾನೆ?"

ಎಲ್ಲರೂ ಸಿಂಗಾಚಾರಿಯ ಕಡೆ ತಿರುಗಿದರು. ಅವನು ಎದೆ ಮುಂದೆ ಮಾಡಿ, "ಇದೇನು ಮಹಾ ಕೆಲಸ" ಎಂದ. ಆದರೆ ಕೋಟೆಯೊಳಗೆ ಇರುವವರ ಮುಖದ ಮೇಲೆ ಊರಲ್ಲಿ ಕೂತು ಗೆರೆ ಎಳೆಯುವುದು ಹೇಗೆ? ಅದಕ್ಕೆ ಒಂದೇ ದಾರಿಯಿತ್ತು. ಅವನು ಕುರುಡಿಬೆಟ್ಟ ಹತ್ತಿ ಹಲಗೆಯಜ್ಜಿಯ ಗವಿಗೆ ಹೋದ.

ಅಜ್ಜಿಯ ಗವಿಯಲ್ಲಿ ಮೂರು ಮಾಯಾಹಲಗೆಗಳಿದ್ದವು. ಒಂದು ಎತ್ತಿನ ಗಾಡಿಯಷ್ಟು ಅಗಲ. ಜೊತೆಗೊಂದು ಕಂಚಿನ ಕನ್ನಡಿ. ಇನ್ನೊಂದು ಸ್ಫಟಿಕದ್ದು, ಬೆಳ್ಳಿಯ ಚೌಕಟ್ಟಿನದು. ಮೂರನೆಯದು ಎಲೆಅಡಿಕೆ ತಟ್ಟೆಯಷ್ಟೇ ದೊಡ್ಡ ಕರಿಕಲ್ಲು.

"ಇಲ್ಲಿ ಬರೆದ್ರೆ ಅಲ್ಲಿ ಮೂಡ್ತದೆ" ಎಂದಳು ಅಜ್ಜಿ. "ಒಂದು ಹುಣ್ಣಿಮೆಗೆ ಒಂದೇ ಹಲಗೆ ಕೊಡೋದು. ಯಾವುದು ಬೇಕು ನೋಡ್ಕೋ."

"ಈ ಕರೀದು ಯಾತಕ್ಕಜ್ಜಿ, ರೊಟ್ಟಿ ತಟ್ಟೋಕಾ?"

"ನಗ್ಬೇಡ ಮಗಾ. ಯಾರನ್ನ ಬರೀಬೇಕು, ನಿನ್ನ ಕೈ ಎಂಥದು, ಅದನ್ನ ನೋಡಿ ಹಲಗೆ ಆರಿಸ್ಬೇಕು. ಹಲಗೆಯ ಅಂದ ನೋಡಿ ಅಲ್ಲ."

"ನನ್ನ ಕೈ ಅರಮನೆ ಕೈ. ದೊಡ್ಡದೇ ಕೊಡು" ಎಂದ ಸಿಂಗಾಚಾರಿ.

ನಾಲ್ಕು ಜನರಿಂದ ಹೊರಿಸಿಕೊಂಡು ಬಂದು ಅಂಗಳದಲ್ಲಿ ಇಳಿಸಿದ. ಬರೆಯಲು ಕೂತ ಮೇಲೆ ಗೊತ್ತಾಯಿತು ಫಜೀತಿ. ಕಡ್ಡಿ ಓಡುವುದು ಹಲಗೆಯ ಮೇಲೆ, ಗೆರೆ ಮೂಡುವುದು ಎದುರಿನ ಕನ್ನಡಿಯಲ್ಲಿ. ಕೈ ನೋಡಿದರೆ ಗೆರೆ ತಪ್ಪುತ್ತದೆ, ಗೆರೆ ನೋಡಿದರೆ ಕೈ ತಪ್ಪುತ್ತದೆ. ಮೊದಲ ದಿನ ಅವನು ಎಳೆದ ಸೊನ್ನೆ ಕುಂಬಳಕಾಯಿಯಾಯಿತು. ಹಲಗೆ ಒಂದು ಕೂದಲೆಳೆ ಓರೆಯಾದರೂ ಕನ್ನಡಿಯಲ್ಲಿ ಮೂಗು ಓರೆ. ಆ ಅಗಲಕ್ಕೆ ಮಣಿಕಟ್ಟು ಸಾಲದು, ಹೆಗಲಿನಿಂದಲೇ ಎಳೆಯಬೇಕು, ಹೆಗಲು ಬಾತುಕೊಂಡಿತು. ಇಪ್ಪತ್ತು ದಿನ ಬರಿಯ ಸೊನ್ನೆ, ಬರಿಯ ಅಡ್ಡಗೆರೆ. ಕಡೆಗೂ ಕಣ್ಣು ಕನ್ನಡಿಯಲ್ಲಿದ್ದರೂ ಕೈ ತನ್ನ ಪಾಡಿಗೆ ತಾನು ನಡೆಯತೊಡಗಿತು.

ಹುಣ್ಣಿಮೆಯ ದಿನ ಬೆಳಿಗ್ಗೆ ರಾಜನ ಎದುರಿಗೆ ಅವನು ರಾಣಿಯ ಮುಖ ಬರೆದ. ಮೀನಿನಂಥ ಕಣ್ಣು, ಎಳ್ಳಿನ ಹೂವಿನಂಥ ಮೂಗು, ತೊಂಡೆಹಣ್ಣಿನಂಥ ತುಟಿ. ಅಳತೆಯಲ್ಲಿ ಎಳ್ಳುಕಾಳಿನಷ್ಟೂ ಹೆಚ್ಚುಕಡಿಮೆಯಿಲ್ಲ. ಕನ್ನಡಿಯಲ್ಲಿ ರಾಣಿಯ ಬೋಳುಮುಖ ಕಾಣುತ್ತಿತ್ತು. ಗೆರೆಗಳು ಅದರ ಮೇಲೆ ಒಂದು ಗಳಿಗೆ ನಿಂತವು, ಆಮೇಲೆ ಒಂದೊಂದಾಗಿ ಜಾರಿ ಬಿದ್ದವು. ಪಡುವಣದಲ್ಲಿ ಕೋಟೆಯ ಗೋಡೆ ಆಳೆತ್ತರ ಏರಿದ್ದು ಊರಿಗೆಲ್ಲ ಕಾಣಿಸಿತು.

"ನಲವತ್ತು ಸಲ ಬರೆದಿದ್ದೀಯಲ್ಲೋ ಅವಳನ್ನ!" ಎಂದು ರಾಜ ಕೂಗಿದ.

"ಬುದ್ಧೀ, ನಲವತ್ತು ಸಲವೂ ಶಾಸ್ತ್ರದ ಮುಖವನ್ನೇ ಬರೆದೆ. ಕಿರೀಟ ಮಾತ್ರ ಅಮ್ಮನವರದು."

"ಹಾಗಾದರೆ ಅವಳ ನಿಜವಾದ ಮೂಗು ಹೇಗಿತ್ತು?"

"ಅದನ್ನ ತಾವೇ ಹೇಳಬೇಕು ಬುದ್ಧೀ."

ರಾಜ ಬೆರಳಿನಿಂದ ಗಾಳಿಯಲ್ಲಿ ಒಂದು ಮೂಗು ಬರೆಯಲು ಹೋಗಿ ಅರ್ಧಕ್ಕೇ ಬಿಟ್ಟ. ಆಮೇಲೆ ಶಾಲಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದ.

ಸಿಂಗಾಚಾರಿ ಎರಡನೆಯ ಸಲ ಬೆಟ್ಟ ಹತ್ತಿದ. ಈ ಸಲ ಸ್ಫಟಿಕದ ಹಲಗೆ ಕೇಳಿದ. ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. ಅವನು ಕೇಳಿಸಿಕೊಳ್ಳದೆ ಇಳಿದುಬಿಟ್ಟ. ಈ ಬಾರಿ ಬರೆಯಬೇಕಾದದ್ದು ಹೊನ್ನಾಜಮ್ಮನನ್ನು. ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದವಳ ಮುಖ ತನಗಲ್ಲದೆ ಇನ್ನಾರಿಗೆ ಗೊತ್ತು ಎಂದುಕೊಂಡ.

ಸ್ಫಟಿಕದ ಹಲಗೆ ಎಂಥ ಸುಖ! ಕಡ್ಡಿ ಮುಟ್ಟಿದಲ್ಲೇ ಗೆರೆ ಅರಳುತ್ತಿತ್ತು. ಅಂಗೈ ತಾಗಿದರೂ ಗೆರೆ ಬೀಳುತ್ತಿದ್ದುದರಿಂದ ಕೈಗೆ ಬಟ್ಟೆ ಸುತ್ತಿಕೊಂಡ, ಅಷ್ಟೇ ತೊಂದರೆ. ಎಲ್ಲಕ್ಕಿಂತ ದೊಡ್ಡ ಸುಖ ಅದರ ಎಡಮೂಲೆಯಲ್ಲಿತ್ತು. ಆ ಮೂಲೆ ಮುಟ್ಟಿದರೆ ಕಡೆಯದಾಗಿ ಎಳೆದ ಗೆರೆ ಮಾಯ. ಗೋಡೆಯ ಮೇಲೆ ತಪ್ಪಿದರೆ ಕೆರೆಯಬೇಕು, ಸುಣ್ಣ ಬಳಿಯಬೇಕು, ಒಣಗಲು ಕಾಯಬೇಕು. ಇಲ್ಲಿ ಬೆರಳು ಮುಟ್ಟಿಸಿದರೆ ಆಯಿತು.

ಅವನು ಹೊನ್ನಾಜಮ್ಮನ ಹುಬ್ಬು ಬರೆದ. ಸರಿಯೆನಿಸಲಿಲ್ಲ, ಅಳಿಸಿದ. ಮತ್ತೆ ಬರೆದ, ಮತ್ತೆ ಅಳಿಸಿದ. ಕೆನ್ನೆ ಬರೆದು ಅಳಿಸಿದ. ನಗು ಬರೆದು ಅಳಿಸಿದ. ಒಂದೊಂದು ಸಲ ಬರೆದದ್ದು ಅವಳೇ ಎನ್ನುವಷ್ಟು ಹತ್ತಿರ ಬರುತ್ತಿತ್ತು. ಇನ್ನೂ ಸ್ವಲ್ಪ ತಿದ್ದೋಣ ಎಂದು ಅದನ್ನೂ ಅಳಿಸುತ್ತಿದ್ದ. ಅರಮನೆಯ ಕೈಯಲ್ಲವೆ, ಚೂರು ಕುಂದನ್ನೂ ಅದು ಸಹಿಸದು. ಹೀಗೆ ದಿನಕ್ಕೆ ನೂರು ಸಲ, ಇನ್ನೂರು ಸಲ.

ಎರಡನೆಯ ಹುಣ್ಣಿಮೆಯ ದಿನ ಹಲಗೆ ಒರೆಸಿಕೊಂಡು ಕಡ್ಡಿ ಹಿಡಿದ. ಕೈ ಏಳಲಿಲ್ಲ. ಅವಳ ಕಣ್ಣು ಹೇಗಿದ್ದವು? ನೆನಪಿಗೆ ಬರಲಿಲ್ಲ. ಮೂಗು? ಬರಲಿಲ್ಲ. ಸೂರ್ಯ ಮುಳುಗುವವರೆಗೂ ಕೂತ. ಕೋಟೆಯ ಗೋಡೆ ಇನ್ನೊಂದು ಆಳೆತ್ತರ ಏರಿತು.

ಮರುದಿನ ಅವನು ಬೆಟ್ಟ ಹತ್ತಿದ್ದು ಓಡುತ್ತ, ಎಡವುತ್ತ.

"ಅಜ್ಜೀ, ಏನಾಯ್ತು ನನಗೆ?"

"ಅಳಿಸಿದ್ದು ಎಲ್ಲಿಗೆ ಹೋಗ್ತದೆ ಅಂತ ನೀನು ಕೇಳ್ಲಿಲ್ಲ ಮಗಾ, ಹೇಳೋಕೆ ಬಂದ್ರೆ ನಿಲ್ಲಲೂ ಇಲ್ಲ. ಗೆರೆ ಬಂದಿದ್ದು ನಿನ್ನೊಳಗಿಂದ ಅಲ್ವಾ? ಹಲಗೆಯಿಂದ ಅಳಿಸ್ದಾಗ ಒಳಗಿಂದ್ಲೂ ಹೋಯ್ತು."

"ವಾಪಸ್ ಬರೋ ಹಾಗೆ ಏನಾದ್ರೂ ಮಾಡು ಅಜ್ಜಿ. ಕಾಲಿಗೆ ಬೀಳ್ತೀನಿ."

"ಬರಲ್ಲ" ಎಂದಳು ಅಜ್ಜಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಉಳಿದಿದ್ದ ಕರಿಕಲ್ಲನ್ನು ಅವನ ಮಡಿಲಿಗಿಟ್ಟಳು. "ಇದಕ್ಕೆ ಕನ್ನಡಿಯಿಲ್ಲ. ಇದರ ಮೇಲೆ ಗೆರೆನೂ ಕಾಣಲ್ಲ. ಬರೆದಿದ್ದು ನೇರ ಅವಳ ಮೇಲೆ ಬೀಳ್ತದೆ. ಅಳ್ಸೋಕಾಗಲ್ಲ. ಕೈ ಎಷ್ಟು ಭಾರ ಹಾಕ್ತದೋ ಅದೊಂದೇ ಈ ಕಲ್ಲಿಗೆ ಗೊತ್ತಾಗೋದು."

ಸಿಂಗಾಚಾರಿ ಕಲ್ಲನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. ಮುಖವೇ ನೆನಪಿಲ್ಲದವನು ಕಾಣದ ಹಲಗೆಯ ಮೇಲೆ ಏನು ಬರೆದಾನು? ಅವನು ಕಡ್ಡಿ ಮುಟ್ಟಲಿಲ್ಲ. ಅನ್ನ ಬಿಟ್ಟ. ಅವಳು ಬಣ್ಣ ಅರೆಯುತ್ತಿದ್ದ ಕಲ್ಲಿನ ಮುಂದೆ ಹೋಗಿ ಕೂರುತ್ತಿದ್ದ. ಅವಳ ಬಳೆಯ ಸದ್ದು ನೆನಪಿತ್ತು. ಬಗ್ಗಿ ಅರೆಯುವಾಗಿನ ಅವಳ ಬೆನ್ನು ನೆನಪಿತ್ತು. ಅವಳು ತಿರುಗಿದಂತೆ ನೆನೆಸಿಕೊಂಡರೆ ಮುಖವಿರಬೇಕಾದಲ್ಲಿ ಹೊಗೆ. ಧೂಮಜಟ ಕದ್ದದ್ದು ಒಂದು ಸಲ, ತಾನು ಕದ್ದದ್ದು ಸಾವಿರ ಸಲ ಎಂದು ಹಣೆ ಹಣೆ ಚಚ್ಚಿಕೊಂಡ. ಬೀದಿಯಲ್ಲಿ ಹೆಂಡತಿ ಕಳೆದುಕೊಂಡ ಗಂಡಸರು, ತಾಯಿ ಕಳೆದುಕೊಂಡ ಮಕ್ಕಳು ದಿನವೂ ಅವನ ಬಾಗಿಲಿಗೆ ಬಂದು ಸುಮ್ಮನೆ ನಿಂತು ಹೋಗುತ್ತಿದ್ದರು. ಅವರು ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಾಗಿತ್ತು.

ಮೂರನೆಯ ಹುಣ್ಣಿಮೆಯ ದಿನ ಬಂತು. ಅವನಿಗೆ ಆಸೆಯೆಂಬುದು ಉಳಿದಿರಲಿಲ್ಲ. ಕಡ್ಡಿ ಹಿಡಿಯದೆ ಇದ್ದೆನೆಂಬ ಮಾತು ಬೇಡವೆಂದು ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈ ಊರಿದ. ಮಡಿಲ ಬಿಸಿಗೆ ಕಲ್ಲು ಬೆಚ್ಚಗಾಗಿತ್ತು, ಜ್ವರದ ಹಣೆಯಷ್ಟು ಬೆಚ್ಚಗೆ.

ನಾಲ್ಕು ವರ್ಷದ ಹಿಂದೆ ಹೊನ್ನಾಜಮ್ಮನಿಗೆ ಕಣ್ಣುಬೇನೆ ಬಂದಿತ್ತು. ಬೆಳಕು ಬಿದ್ದರೆ ಕಿರುಚುತ್ತಿದ್ದಳು. ಒಂದು ತಿಂಗಳು ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ, ಕಗ್ಗತ್ತಲಲ್ಲಿ, ಸಿಂಗಾಚಾರಿ ದಿನಕ್ಕೆ ಮೂರು ಸಲ ಅವಳ ಮುಖ ತೊಳೆದು ನಂದಿಬಟ್ಟಲ ಹೂವಿನ ರಸ ಹಿಂಡುತ್ತಿದ್ದ. ಕೆಲಸ ಕೆಟ್ಟಿತೆಂದು ಗೊಣಗುತ್ತಲೇ ಮಾಡುತ್ತಿದ್ದ. ಆ ತಿಂಗಳು ಅವನ ಕಣ್ಣು ಅವಳನ್ನು ನೋಡಿರಲಿಲ್ಲ. ಬೆರಳುಗಳು ನೋಡಿದ್ದವು.

ಅವನು ಕಣ್ಣು ಮುಚ್ಚಿದ. ಕೈ ಏರಬೇಕಾದಲ್ಲಿ ಏರಿತು, ಇಳಿಯಬೇಕಾದಲ್ಲಿ ಇಳಿಯಿತು. ರೆಪ್ಪೆಯ ಹತ್ತಿರ, ನೋವಾದೀತೆಂದು, ಕಡ್ಡಿ ತಾಗಿಯೂ ತಾಗದ ಹಾಗೆ ಹೋಯಿತು. ಹಣೆಯ ಪಕ್ಕದಲ್ಲಿ, "ಇನ್ನೂ ಗಟ್ಟಿಯಾಗಿ ಒತ್ರೀ" ಎಂದು ಅವಳು ಹೇಳುತ್ತಿದ್ದಲ್ಲಿ, ಒತ್ತಿ ಎಳೆಯಿತು. ಶಾಸ್ತ್ರ ಅಡ್ಡ ಬರಲಿಲ್ಲ. ಕತ್ತಲಲ್ಲಿ ಶಾಸ್ತ್ರಕ್ಕೆ ಕಣ್ಣು ಕಾಣದು. ಕಡ್ಡಿಯ ಮೊನೆ ಪೂರ್ತಿ ಸವೆದಾಗ ಅವನು ಕಣ್ಣು ಬಿಟ್ಟ. ಕಲ್ಲು ಮೊದಲಿನ ಹಾಗೇ ಕರ್ರಗಿತ್ತು. ಏನು ಬರೆದೆನೆಂದು ಅವನಿಗೇ ತಿಳಿಯದು. ಎಲ್ಲ ಮುಗಿಯಿತೆಂದು ಗೋಡೆಗೆ ಒರಗಿ ದೊಡ್ಡ ದನಿಯಲ್ಲಿ ಅತ್ತ.

ಆಗ ಪಡುವಣದಲ್ಲಿ ಗುಡುಗಿದಂತೆ ಸದ್ದಾಯಿತು. ಧೂಮಜಟ ಕದ್ದು ಅಂದು ತೊಟ್ಟಿದ್ದ ಮುಖ ಕಳಚಿ ಹಾರಿಹೋಯಿತು. ಒಳಗೆ ಬರಿ ಹೊಗೆಯಿತ್ತು, ಅದನ್ನು ಗಾಳಿ ಒಯ್ದಿತು. ಕಲ್ಲುಹುಲಿಗಳು ಬರಿಯ ಕಲ್ಲಾದವು. ಗೋಡೆಯ ಕಲ್ಲುಗಳು ಒಂದೊಂದಾಗಿ ಉಸಿರೆಳೆದುಕೊಂಡು ಹೆಂಗಸರಾಗಿ ಎದ್ದು ನಿಂತವು.

ಬೆಳಗಾಗುತ್ತಲೇ ಊರಿಗೆ ಊರೇ ಕೋಟೆಯ ಬಾಗಿಲಿಗೆ ಓಡಿತು. ಸಿಂಗಾಚಾರಿಯೂ ಓಡಿದ. ಮುನ್ನೂರು ಹೆಂಗಸರು ಮುಖ ಹೊತ್ತು ಹೊರಗೆ ಬಂದರು. ಮಕ್ಕಳು "ಅವ್ವಾ" ಎಂದು ಸೆರಗಿಗೆ ಜೋತುಬಿದ್ದರು. ರಾಜ ರಾಣಿಯ ಮೂಗನ್ನು ನೋಡಿ, "ಓ, ಹೀಗಿತ್ತಲ್ಲವೆ!" ಎಂದು ಎಲ್ಲರೆದುರು ಅತ್ತುಬಿಟ್ಟ. ಅಂದಿನಿಂದ ಆ ರಾಜ್ಯದಲ್ಲಿ ಉಣ್ಣುವಾಗ ಎದುರುಬದುರು ಕೂತು ಉಣ್ಣುವ ಪದ್ಧತಿ ಬಂತು. ಕಾಡಿನಲ್ಲಿ ಮತ್ತೆ ಹೊಗೆ ಏಳಲಿಲ್ಲ, ಮಳೆಬೆಳೆ ಚೆನ್ನಾಯಿತು, ಜನ ಸುಖವಾಗಿದ್ದರು.

ಸಿಂಗಾಚಾರಿ ಮಾತ್ರ ಬಾಗಿಲ ಬಳಿ ನಿಂತೇ ಇದ್ದ. ಬಂದ ಪ್ರತಿಯೊಂದು ಮುಖವನ್ನೂ ನೋಡಿದ. ಇವಳಿರಬಹುದೇ ಎಂದುಕೊಳ್ಳುವಷ್ಟರಲ್ಲಿ ಅವಳನ್ನು ಇನ್ನಾರೋ ಬಂದು ಕರೆದುಕೊಂಡು ಹೋಗುತ್ತಿದ್ದರು. ಜನ ತೆಳುವಾದರು. ಬಿಸಿಲೇರಿತು. ಒಬ್ಬ ಹೆಂಗಸು ಬಂದು ಅವನ ಎದುರಿಗೆ ನಿಂತಳು. ಅವನು ಏನಾದರೂ ಹೇಳಲಿ ಎಂದು ಕಾಯುವವಳಂತೆ ನಿಂತಳು.

ಸಿಂಗಾಚಾರಿ ಕೈ ಮುಗಿದ. "ತಾಯೀ, ಒಳಗೆ ಇನ್ನೂ ಯಾರಾದರೂ ಇದ್ದಾರಾ? ನನ್ನ ಹೆಂಡತಿ ಬರಬೇಕಾಗಿತ್ತು."



"ಇಲ್ಲ, ಯಾರೂ ಇಲ್ಲ. ನಾನೇ ಕಡೆಯವಳು" ಎಂದಳು.

ಇವಳೇ ಅವಳೆಂದು ಆಗ ತಿಳಿದು ಅವನು ಅವಳ ಕಾಲಿಗೆ ಬಿದ್ದ. ಅವಳು ತೋಳು ಹಿಡಿದು ಎಬ್ಬಿಸಿದಳು. ಇಬ್ಬರೂ ಊರ ದಾರಿ ಹಿಡಿದರು. ಅವನು ದಾರಿಯುದ್ದಕ್ಕೂ ಅವಳ ಮುಖವನ್ನೇ ನೋಡುತ್ತ, ಕಲ್ಲಿಗೆ ಎಡವುತ್ತ, ಮುಳ್ಳು ತುಳಿಯುತ್ತ ನಡೆದ.

"ದಾರಿ ನೋಡ್ಕೊಂಡು ನಡೀರೀ" ಎಂದಳು ಹೊನ್ನಾಜಮ್ಮ.

ಅವನು ನೋಡಲಿಲ್ಲ.