ಸಾಲಿನ ಕೊನೆಯವಳು

ನನ್ನ ಕೈ ಮುಟ್ಟಿದ್ದಕ್ಕೆ ನಾನು ಸೀಮೋನನನ್ನು ಮೊದಲು ಬೈದೆ. ಹಾನಗಲ್ಲಿನಿಂದ ಅಕ್ಕಿಆಲೂರಿಗೆ ಹೋಗುವ ಬೆಳಗಿನ ಬಸ್ಸಿಗೆ ಅವನು ಹೊಸ ಕಂಡಕ್ಟರ್, ನಾನು ಅಕ್ಕಿಆಲೂರಿನ ಬಾಲವಾಡಿ ಟೀಚರ್. ಹಳೆಯ ಕಂಡಕ್ಟರ್ ನನ್ನ ಟಿಕೆಟ್ಟನ್ನು ಸೀಟಿನ ಮೇಲೆ ಉದುರಿಸಿ ಮುಂದೆ ಹೋಗುತ್ತಿದ್ದ. ಇವನು ನೇರ ಅಂಗೈಯಲ್ಲಿಟ್ಟು, ಬೆರಳು ಮಡಚಿ ಮುಚ್ಚಿದ.

"ಕೈ ಯಾಕ ಹಿಡಿತೀರಿ?"

"ಟಿಕೆಟ್ ಗಾಳಿಗೆ ಹಾರತೈತ್ರಿ."

ಕಿಟಕಿಯ ಗಾಜು ಹಾಕಿತ್ತು. ಇಬ್ಬರೂ ಅದನ್ನೇ ನೋಡಿದೆವು. ಮೊದಲು ನಕ್ಕವನು ಅವನು.

ನನ್ನ ಎರಡೂ ಕೈಗಳ ಮೇಲೆ, ಕುತ್ತಿಗೆಯ ಒಂದು ಬದಿಗೆ ಬಿಳಿ ಕಲೆಗಳಿವೆ. ತೊನ್ನು. ಅಂಟುವ ರೋಗವಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವ್ವ ಸಾವಂತ್ರವ್ವ ಓಣಿ ತುಂಬ ಸಾರಿ ಸೋತಿದ್ದಳು. ಅವಮಾನ ನುಂಗುವುದು ನನಗೆ ರೂಢಿಯಾಗಿತ್ತು. ನಮ್ಮ ಸಣ್ಣ ಚರ್ಚಿನಲ್ಲಿ ತಿಂಗಳಿಗೊಮ್ಮೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಕೊಡುವಾಗ ನಾನು ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುತ್ತಿದ್ದೆ. ದ್ರಾಕ್ಷಾರಸದ ಬಟ್ಟಲು ಎಲ್ಲರಿಗೂ ಒಂದೇ. ನಾನು ತುಟಿ ಹಚ್ಚಿದ ಮೇಲೆ ಉಳಿದವರು ಮುಖ ಸಿಂಡರಿಸಬಾರದಲ್ಲ? ಹಾಗೆ ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ಮಾರ್ತಾ ಒಳ್ಳೆಯ ಹುಡುಗಿ ಅನ್ನಿಸಿಕೊಳ್ಳುವ ಚಪಲ ನನ್ನದೇ.

ಸೀಮೋನ ಹಿರೇಕೆರೂರಿನ ಕ್ರೈಸ್ತರ ಮನೆಯವನು. ದಿನಾ ಎಲ್ಲರಿಗೂ ಟಿಕೆಟ್ ಹರಿದು ಮುಗಿಸಿ ಕೊನೆಗೆ ನನ್ನ ಹತ್ತಿರ ಬರುತ್ತಿದ್ದ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು. "ಇವತ್ತ ಬೈಯೂದಿಲ್ಲೇನ್ರಿ?" ಎಂದು ಕೇಳುತ್ತಿದ್ದ. ಅವನ ಕಣ್ಣು ನನ್ನ ಕೈ ನೋಡುತ್ತಿತ್ತು, ಆದರೆ ಬೇರೆಯವರ ಕಣ್ಣಿನ ಹಾಗೆ ಜಾರುತ್ತಿರಲಿಲ್ಲ. ಅಲ್ಲಿಯೇ ಸ್ವಲ್ಪ ಹೊತ್ತು ನಿಂತು, ಆರಾಮವಾಗಿ ಮುಖಕ್ಕೆ ಬರುತ್ತಿತ್ತು. ನಾನು ಕಿಟಕಿಯ ಕಡೆ ತಿರುಗಿ ನಗುತ್ತಿದ್ದೆ. ಆ ಮಳೆಗಾಲ ಮುಗಿಯುವುದರೊಳಗೆ ಮದುವೆ ಗೊತ್ತಾಯಿತು.

ಮದುವೆಗೆ ಮುಂಚೆ ಮೂರು ರವಿವಾರ ಚರ್ಚಿನಲ್ಲಿ ಹುಡುಗ ಹುಡುಗಿಯ ಹೆಸರು ಓದಿ, ಅಡ್ಡಿ ಇದ್ದವರು ಹೇಳಿರಿ ಎಂದು ಕೇಳುವ ಪದ್ಧತಿ ನಮ್ಮಲ್ಲಿದೆ. ಎರಡು ರವಿವಾರ ಓದಿಯಾಗಿತ್ತು. ಮೂರನೆಯದರ ಹಿಂದಿನ ದಿನ ಸೀಮೋನ ಹುಬ್ಬಳ್ಳಿಯಿಂದ ತರಿಸಿದ ಬಿಳಿ ಲೇಸಿನ ಗ್ಲೌಸು ಕೊಟ್ಟ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಒಂದೊಂದೇ ಬೆರಳು ತಾನೇ ತೊಡಿಸಿದ. ನಾನು ರಾಣಿಯಾಗಿ ಹೋದೆ. ಆಮೇಲೆ ಬಾಯಿ ಬಿಟ್ಟ. ಮೊಣಕೈವರೆಗೆ ಮುಚ್ಚಿದರೆ ಮದುವೆಯ ದಿನ ಏನೂ ಕಾಣುವುದಿಲ್ಲವಂತೆ. ಕುತ್ತಿಗೆ ಮುಚ್ಚುವ ಬ್ಲೌಸೂ ಬೇಕಂತೆ. ಅವನ ತಾಯಿ ಶೇಖವ್ವ ತಮ್ಮ ಬಳಗಕ್ಕೆ ನನ್ನ ತೊನ್ನಿನ ಸುದ್ದಿಯನ್ನೇ ಹೇಳಿಲ್ಲವಂತೆ.

"ಒಂದು ದಿನದ ಮಾತು, ಮಾರ್ತಾ. ಮಂದಿ ಆಡ್ಕೊಳ್ಳೂದು ತಪ್ಪತೈತಿ."

"ಮರುದಿನ ರೊಟ್ಟಿ ಬಡಿಯೂಮುಂದನೂ ಇದನ್ನ ಹಾಕ್ಕೋಬೇಕೇನ್ರಿ?"

ಅವನು ತಲೆ ತಗ್ಗಿಸಿದ. ಗ್ಲೌಸು ಕಿತ್ತು ಅವನ ಟಿಕೆಟ್ ಚೀಲಕ್ಕೆ ತುರುಕಿ ಎದ್ದು ಬಂದೆ.

ಮನೆಯಲ್ಲಿ ದೇವರ ಜೊತೆಗೂ ಜಗಳ ತೆಗೆದೆ. ನನ್ನನ್ನು ಹೀಗೆ ಮಾಡಿದವನು ನೀನು, ನಾಚಿಕೆಪಡುವುದಾದರೆ ನೀನೇ ಪಡು ಎಂದು ಹೇಳಿದೆ. ಹೇಳಿದ ಮೇಲೆ ತಿಳಿಯಿತು, ದೇವರಿಗೆ ನನ್ನ ಬಗ್ಗೆ ನಾಚಿಕೆಯೇ ಇಲ್ಲ. ಇದ್ದಿದ್ದರೆ ಎಲ್ಲರಿಗೂ ಕೊಟ್ಟ ಬಟ್ಟಲನ್ನೇ ನನಗೂ ಕೊಡುತ್ತಿರಲಿಲ್ಲ. ನನಗಾಗಿ ಪ್ರಾಣ ಕೊಟ್ಟವನ ಊಟಕ್ಕೆ ನಾನು ಇಷ್ಟು ವರ್ಷ ಕರೆಯದೆ ಬಂದವಳ ಹಾಗೆ ಹಿಂದೆ ನಿಂತಿದ್ದೆ. ಸೀಮೋನನ ಮೇಲಿನದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲೆ ಬಂತು.

ಮರುದಿನ ಸೀಮೋನನೂ ಶೇಖವ್ವನೂ ನಮ್ಮ ಚರ್ಚಿಗೇ ಬಂದಿದ್ದರು. ನಮ್ಮ ಪಾದ್ರಿಗಳಾದ ಅಯ್ಯನವರು ಹೆಸರು ಓದಿ, ಅಡ್ಡಿ ಉಂಟೇ ಎಂದು ಕೇಳಿದರು. ನಾನು ಎದ್ದು ನಿಂತೆ.

"ನಂದು ಅಡ್ಡಿ ಐತ್ರಿ, ಅಯ್ಯನೋರ. ಮದುವ್ಯಾಗ ನಾ ಕೈ ಮುಚ್ಚಿಕೊಂಡು ನಿಂದರಬೇಕಂತ್ರಿ. ದೇವರು ಕೊಟ್ಟ ಕೈ ಇವು. ಇವಕ್ಕ ನಾಚೋರ ಮನಿಗೆ ನಾ ಹೋಗೂದಿಲ್ಲ."

ಅವ್ವ ಸೆರಗು ಹಿಡಿದು ಜಗ್ಗಿದಳು. ಶೇಖವ್ವ ತನ್ನ ಮನೆತನದ ಮರ್ಯಾದೆಯ ಬಗ್ಗೆ ಏನೋ ಗೊಣಗಿದಳು. ಅಯ್ಯನವರು ಕನ್ನಡಕ ತೆಗೆದು ಒರೆಸಿ, ಇದನ್ನು ಆರಾಧನೆ ಮುಗಿದ ಮೇಲೆ ಮಾತಾಡೋಣ ಎಂದು ಆ ತಿಂಗಳ ಕರ್ತನ ಭೋಜನಕ್ಕೆ ಅಣಿಯಾದರು.

ಮೊದಲು ಗಂಡಸರ ಸರದಿ. ಸೀಮೋನ ಏಳಲೇ ಇಲ್ಲ. ಹೇಡಿ, ದೇವರ ಎದುರಿಗೂ ಬರಲಾರ ಎಂದುಕೊಂಡೆ. ಹೆಂಗಸರ ಸರದಿ ಬಂದಾಗ ನಾನು ಎಲ್ಲರನ್ನೂ ದಾಟಿ ಮುಂದೆ ನಡೆದೆ. ಯಾವಾಗಲೂ ಮೊದಲು ಹೋಗುವ ಹಿರಿಯಳು ಅಡಿವೆವ್ವ ಹಿಂದೆ ಸರಿದಳು. ಮೊಣಕಾಲೂರಿ ಬಟ್ಟಲಿಗೆ ತುಟಿ ಹಚ್ಚಿದೆ. ನನ್ನ ಹಿಂದೆ ಒಬ್ಬರೂ ಬರಲಿಲ್ಲ. ಅದು ನನಗೆ ಚುಚ್ಚಲೂ ಇಲ್ಲ. ಕರೆದವನು ಕೊಟ್ಟಿದ್ದ, ನಾನು ಕುಡಿದಿದ್ದೆ. ನನಗೆ ಅಷ್ಟು ಸಾಕಾಗಿತ್ತು.

ಆಗ ಯಾರೋ ಪಕ್ಕದಲ್ಲಿ ಮೊಣಕಾಲೂರಿದರು. ಸೀಮೋನ. ಹೆಂಗಸರ ಸರದಿಯಲ್ಲಿ, ತಾಯಿಯ ಕಣ್ಣೆದುರಿಗೆ. ಅಯ್ಯನವರು ವಾಡಿಕೆಯಂತೆ ಬಟ್ಟಲಿನ ಅಂಚು ಒರೆಸಲು ಬಟ್ಟೆ ಎತ್ತಿದರು.

"ಒರಸಬ್ಯಾಡ್ರಿ," ಎಂದ ಅವನು. ಹಾಗೆಯೇ ಕುಡಿದ.

ಆಮೇಲೆ ಅವ್ವ ಬಂದಳು. ಉಳಿದವರು ಬಂದರೋ ಇಲ್ಲವೋ, ನಾನು ತಿರುಗಿ ನೋಡಲಿಲ್ಲ.

ಹೊರಗೆ ಶೇಖವ್ವ ಬಸ್ಸು ತಪ್ಪುತ್ತದೆಂದು ಮಗನನ್ನು ಕೂಗಿದಳು. ಅವನು ನನ್ನೆದುರಿನಿಂದ ಕದಲಲಿಲ್ಲ. "ಮಂದಿಗೆ ಅಂಜಿದೆ, ಮಾರ್ತಾ. ತಪ್ಪು ನಂದು. ನೀ ಒಲ್ಲೆ ಅಂದ್ರೂ ನನಗ ಬ್ಯಾರೆ ಯಾರೂ ಬ್ಯಾಡ."

"ನೀವು ಮೆಚ್ಚಿದ್ರಿ ಅಂತ ನನ್ನ ಬೆಲಿ ಏರಿಲ್ಲ. ಬಿಟ್ರ ಇಳಿಯೂದೂ ಇಲ್ಲ."

"ಹೂಂ. ಇವತ್ತ ತಿಳೀತು."

"ನನಗ ಇನ್ನೂ ಸಿಟ್ಟೈತಿ."

"ಕಾಣಾಕತ್ತೈತಿ," ಎಂದು ಮೆಲ್ಲಗೆ ನನ್ನ ಮುಖ ನೋಡಿದ. ಹಾಳಾದ ಕಣ್ಣು, ಅದೇ ಹಳೆಯ ಆರಾಮದಲ್ಲಿ. ಸಿಟ್ಟು ಇತ್ತು, ಸುಳ್ಳಲ್ಲ. ಅವನು ಬೇಕು ಎನ್ನುವುದೂ ಅಷ್ಟೇ ಗಟ್ಟಿಯಾಗಿತ್ತು.

ಮದುವೆ ನಿಲ್ಲಿಸಬೇಡಿ ಎಂದು ಅಯ್ಯನವರ ಕಾಲು ಹಿಡಿದು ಕೇಳಿಕೊಳ್ಳುತ್ತೇನೆ ಎನ್ನುತ್ತ ಅವನು ಬಾಗಿಲ ಕಡೆ ಹೊರಟ. ನಾನು ತಡೆದೆ. ಅಡ್ಡಿ ನನ್ನದು, ಅದರ ಮಾತೂ ನನ್ನದೇ ಎಂದು ಹೇಳಿ ಒಬ್ಬಳೇ ಒಳಗೆ ಹೋದೆ.

"ಮುಂದಿನ ರವಿವಾರ ಅಡ್ಡಿ ಐತೇನಂತ ಇನ್ನೊಮ್ಮೆ ಕೇಳ್ರಿ, ಅಯ್ಯನೋರ," ಎಂದೆ. "ಈ ಸಲ ಕುಂತೇ ಇರ್ತೇನಿ."