ವಿಳಾಸ ಮಾತ್ರ ಉಳಿದ ಬೀದಿ

"ಒಳಗೆ ಯಾರೂ ಇಲ್ಲ ಟೀಚರ್. ಸುಮ್ನೆ ಬಾಗಿಲು ಬಡೀಬೇಡಿ!"

ಬೆನ್ನ ಹಿಂದಿನಿಂದ ಬಂದ ಗಂಡು ದನಿಗೆ ಅವಳು ಬೆಚ್ಚಿ ಕೈ ಹಿಂತೆಗೆದಳು.

ಯಾರೂ ಇಲ್ಲವೇ? ಕಿಟಕಿಯಲ್ಲಿ ದೀಪವಿದೆ. ಒಳಗೆ ರೇಡಿಯೋ ಮಾತಾಡುತ್ತಿದೆ. ತಂತಿಯ ಮೇಲೆ ಪುಟ್ಟ ಫ್ರಾಕು... ಮುಟ್ಟಿದಳು. ರಟ್ಟಿನಂತೆ ಗಡಸು! ಹೊಸ್ತಿಲ ಬಳಿಯ ಪುಟ್ಟ ಚಪ್ಪಲಿಯೊಳಗೆ ಜೇಡ ಬಲೆ ನೇಯ್ದಿತ್ತು.

ಪಕ್ಕದ ಮನೆಯೂ ಹಾಗೆಯೇ. ಅದರಾಚೆಯದೂ. ನರಪಿಳ್ಳೆಯೂ ಇಲ್ಲ!

ಬೀದಿಯ ಮುಂದೆಯೇ ಅವಳು ಕಲಿಸುವ ಪ್ರಾಥಮಿಕ ಶಾಲೆ. ಹತ್ತಿರ ವಾಸಿಸುವ ಮಕ್ಕಳಿಗೇ ಮೊದಲ ಸೀಟು. ಶಾಲೆಗೆ ಹೆಸರು ಬಂದ ಮೇಲೆ ಇಲ್ಲಿನ ಮನೆಗಳ ಬೆಲೆ ಮುಗಿಲು ಮುಟ್ಟಿತ್ತು. ಈ ಬೀದಿಯ ವಿಳಾಸ ಕೊಟ್ಟ ಮಕ್ಕಳು ನಿಜಕ್ಕೂ ಇಲ್ಲಿದ್ದಾರೆಯೇ ಎಂದು ನೋಡಿ ಬರಲು ಅವಳನ್ನು ಕಳಿಸಿದ್ದರು.

"ಮತ್ತೆ ದೀಪ ಹಾಕಿದ್ಯಾರು?"

"ನಾನೇ." ಅವನ ಕೈಯಲ್ಲಿ ಕೀಲಿಗಳ ಗೊಂಚಲಿತ್ತು. ಎಲೆಕ್ಟ್ರಿಷಿಯನ್, ಕೊನೆಯ ಮನೆಯವನು. ಕಣ್ಣುಗಳಲ್ಲಿ ಎಂಥ ದಣಿವು! ಅವಳ ಮನಸ್ಸು ಅರೆಕ್ಷಣ ತಡವರಿಸಿತು... ಛೇ, ಏನಾಯ್ತು ನನಗೆ?

"ಜನ ಇದ್ದಾರೆ ಅಂತ ನಾಟಕ ಆಡೋಕೆ ನಿಮಗೆಷ್ಟು ಕೊಡ್ತಾರೆ?"

ಅವನ ಮುಖ ಕಪ್ಪಿಟ್ಟಿತು. ಕೀಲಿ ಗೊಂಚಲು ಜೇಬಿಗಿಳಿಸಿ ಹೊರಟೇಹೋದ.

ಕಂಡದ್ದನ್ನೆಲ್ಲ ಅವಳು ಶಾಲೆಗೆ ಹೇಳಿದಳು. ದೂರದಿಂದ ಕಾರಿನಲ್ಲಿ ಬರುತ್ತಿದ್ದ ಮಕ್ಕಳ ಸೀಟು ರದ್ದಾಯಿತು. ಅವನೇ ಬಾಯಿಬಿಟ್ಟನೆಂದು ಸಿಟ್ಟಿಗೆದ್ದ ಮನೆ ಮಾಲೀಕರು ಅವನಿಂದ ಕೀಲಿ ಕಿತ್ತುಕೊಂಡರು.

ಮುಂದಿನ ವಾರ ಮುಸ್ಸಂಜೆಯಲ್ಲಿ ಅವಳು ಅದೇ ಬೀದಿಯಲ್ಲಿ ಬಂದಳು. ಕೊನೆಯ ಮನೆ ಬಿಟ್ಟರೆ ಒಂದೂ ದೀಪವಿಲ್ಲ. ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದಂತಿತ್ತು. ಆಗ ಕೊನೆಯ ಮನೆಯಿಂದ ಚೀರಾಟ...

"ಎಲ್ಲರೂ ಸತ್ತುಹೋದ್ರಾ? ನಾನೊಬ್ಬಳೇ ಉಳಿದ್ನಾ?"

ಓಡಿದಳು. ಜಗಲಿಯ ಮೇಲೆ ನಡುಗುತ್ತಿದ್ದ ಮುದುಕಿಯನ್ನು ಅವನು ತಬ್ಬಿ ಕೂತಿದ್ದ.

"ಅಮ್ಮನಿಗೆ ನೆನಪು ನಿಲ್ಲಲ್ಲ ಟೀಚರ್. ಒಳ್ಳೇ ಬೆಲೆ ಬಂತು ಅಂತ ಅಕ್ಕಪಕ್ಕದೋರು ಮಾರಿ ಹೋದ್ರು. ಕೊಂಡೋರು ವಿಳಾಸ ಸಿಕ್ಕಿದ್ದೇ ಸಾಕು ಅಂತ ಬರಲೇ ಇಲ್ಲ, ಮನೆ ನೋಡ್ಕೋ ಅಂತ ಕೀಲಿ ಕೊಟ್ರು. ದೀಪ, ಮಕ್ಕಳ ಬಟ್ಟೆ ಕಂಡ್ರೆ ಅಮ್ಮ ಸುಮ್ಮನಾಗ್ತಿದ್ಳು. ಅದಕ್ಕೇ..."

"ನೀವೂ ಮಾರಿ ಹೋಗಬಹುದಿತ್ತಲ್ಲ?"

"ಬೇರೆ ಮನೇಲಿ ಬಚ್ಚಲು ಎಲ್ಲಿ ಅಂತಾನೂ ಅವಳಿಗೆ ಗೊತ್ತಾಗಲ್ಲ."

ಅವಳು ಜಗಲಿಯ ಅಂಚಿಗೆ ಕೂತಳು. 'ಇಂಥವನಿಗೆ ಎಂಥ ಮಾತಂದೆ ನಾನು!'

"ನನ್ನಿಂದಲೇ ಹೀಗಾಯ್ತು..."

"ನೀವು ಸುಳ್ಳೇನೂ ಹೇಳ್ಲಿಲ್ಲವಲ್ಲ."

ಅಂದಿನಿಂದ ಶಾಲೆ ಬಿಟ್ಟ ಮೇಲೆ ಅವಳು ನಿತ್ಯ ಬರತೊಡಗಿದಳು. ಕತ್ತಲು ಕವಿಯುವಾಗ ಅಮ್ಮನ ಕೈ ಹಿಡಿದು ಕೂರುತ್ತಿದ್ದಳು. ಒಳಗೆ ಅವನು ಅಡುಗೆ ಮಾಡುವ ಸದ್ದು ಕೇಳುವುದೇ ಅವಳಿಗೊಂದು ಸುಖವಾಯಿತು.

ಒಂದು ಸಂಜೆ ಅಮ್ಮ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದಳು.

"ಅಗೋ... ಎದುರು ಮನೆ ಕಿಟಕೀಲಿ ಮಗು!"

ಅವಳು ತಿರುಗಿ ನೋಡಿದಳು. ಕಪ್ಪು ಗಾಜಿನ ಹಿಂದೆ, ಹೌದು, ಪುಟ್ಟ ಬಿಳಿಚಿದ ಮುಖ. ಅಲುಗದೆ ಇವರನ್ನೇ ನೋಡುತ್ತಿದೆ... ನಾಲಿಗೆ ಚಾಚಿತು!

"ಏ, ಈ ಕಡೆ ಬಾರೇ! ಸಾಮಾನು ಯಾರು ಜೋಡಿಸ್ತಾರೆ?" ಎಂದು ಆ ಮನೆಯೊಳಗಿಂದ ತಾಯಿಯ ದನಿ ಕೇಳಿತು. ತನ್ನ ಮಗುವಿನ ಸೀಟು ರದ್ದಾದ ಮೇಲೆ ಮಾಲೀಕ ಆ ಮನೆಯನ್ನು ಕಡಿಮೆ ಬಾಡಿಗೆಗೆ ಕೊಟ್ಟಿದ್ದ.

ಅಮ್ಮ ನಕ್ಕಳು. ಆಮೇಲೆ ಪಕ್ಕದಲ್ಲಿ ಕೂತಿದ್ದ ಅವಳತ್ತ ತಿರುಗಿದಳು. "ನೀನು ಯಾವ ಮನೆಯವಳಮ್ಮಾ?"

ಬಾಗಿಲಲ್ಲಿ ಅವನು ಸೌಟು ಹಿಡಿದು ನಿಂತಿದ್ದ.

"ಇದೇ ಮನೆಯವಳು ಅತ್ತೆ... ನಿಮ್ಮ ಮಗ ಒಪ್ಪಿದ್ರೆ."

ಅವನ ಕಣ್ಣು ತುಂಬಿತು. "ಅಮ್ಮ ನಾಳೆ ಮರೆತುಬಿಡ್ತಾಳೆ..."

"ಮರೀಲಿ ಬಿಡಿ. ನಾಳೆ ಮತ್ತೆ ಹೇಳ್ತೀನಿ."

"ನಾಡಿದ್ದು?"

"ನಾಡಿದ್ದು ನೀವು ಹೇಳಿ."